ಹೆಡ್‌ಮೇಡಮ್ಮರಿಗೆ ಸಿಸಿ ಯಾಕೆ ಹಾಕಿದ್ರಿ?

ಈ ವಾರದ ಪತ್ರ ಗದಗದ್ದು. ಬರೆದವರು ಅಲ್ಲಿಯ ಒಂದು ಆಫ್‌ಸೆಟ್ ಮುದ್ರಣಾಲಯದಲ್ಲಿ ಆರ್ಡರ್, ಪ್ರೂಫ್, ಮೇಲ್ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಹೆಣ್ಣುಮಗಳು. ಹುಬ್ಬಳ್ಳಿಯ ಶಾಲೆಯೊಂದರ ಡೈರಿ ಕೆಲಸ ಕೈಯಲ್ಲಿದೆ. ಶಾಲೆ ಶುರುವಾಗುವ ಮೊದಲು ಮುಟ್ಟಿಸಬೇಕು. ಪ್ರೂಫ್, ಅಂದರೆ ಅಚ್ಚಿಗೆ ಮೊದಲು ನೋಡಿ ತಿದ್ದುವ ಪ್ರತಿ, ಹೋಗಿ ಹತ್ತು ದಿನವಾದರೂ ಅಲ್ಲಿಯ ಟೀಚರ್ ಒಪ್ಪಿಗೆ ಕೊಟ್ಟಿಲ್ಲ. ಇವರು ನಾಲ್ಕು ಮೇಲ್ ಹಾಕಿದ್ದಾರೆ, ನಾಲ್ಕರ ತಲೆಬರಹವೂ ‘ಅರ್ಜೆಂಟ್’. ನಾಲ್ಕನೆಯದಕ್ಕೆ ಬಂದ ಉತ್ತರ: ‘ದಯವಿಟ್ಟು ನಿಮ್ಮ ಭಾಷೆ ಸರಿಯಾಗಿರಲಿ.’ ಮೊದಲೆಲ್ಲ ಫೋನಿನಲ್ಲಿ ‘ಊಟ ಆತೇನ್ರಿ’ ಎನ್ನುತ್ತಿದ್ದ ಟೀಚರ್ ಈಗ ಫೋನೇ ಎತ್ತುವುದಿಲ್ಲವಂತೆ. ‘ಪ್ಲೀಸ್ ಅಂತ ಎರಡೆರಡು ಸಲ ಬರದಿದ್ದೆರಿ, ಇನ್ನ ಹೆಂಗ ಬರೀಬೇಕಿತ್ತು? ಕ್ಷಮೆ ಕೇಳಿ ಮೇಲ್ ಹಾಕ್ಲೋ, ಕೆಲಸಾನ ಬಿಡ್ಲೋ?’

ಅಕ್ಕಾರ, ಕೆಲಸ ಬಿಡುವ ಮಾತು ಆಮೇಲೆ ನೋಡೋಣ. ಪತ್ರದ ಕೊನೆಗೆ, ಅದೂ ಕಂಸದೊಳಗೆ, ಒಂದು ಸಾಲು ಹಾಕಿ ದಾಟಿಬಿಟ್ಟಿದ್ದೀರಿ: ‘ಮೂರನೇ ಮೇಲ್‌ನಿಂದ ಹೆಡ್‌ಮೇಡಮ್ಮರನ್ನೂ ಸಿಸಿಯೊಳಗ ಹಾಕೀನಿ, ಮಾಲಕರು ಹೇಳಿದ್ರು ಅಂತ.’ ಅಂದರೆ ಟೀಚರಿಗೆ ಬರೆದ ಮೇಲ್‌ನ ಒಂದು ಪ್ರತಿ ಅವರ ಮುಖ್ಯಶಿಕ್ಷಕಿಗೂ ಹೋಗಿದೆ.

ಮೊದಲ ಎರಡು ಮೇಲ್‌ನಲ್ಲೂ ಇದೇ ಭಾಷೆ ಇತ್ತು, ಇದೇ ಪ್ಲೀಸ್ ಇತ್ತು. ಆಗ ಆ ಟೀಚರ್ ಏನೂ ಅನ್ನಲಿಲ್ಲ. ಸಿಟ್ಟು ಬಂದದ್ದು ಮೇಲಿನವರ ಹೆಸರು ಸಿಸಿಯಲ್ಲಿ ಕಂಡ ಮೇಲೆ. ಸೊಸೆ ಸಾರಿಗೆ ಉಪ್ಪು ಮರೆತದ್ದನ್ನು ಅತ್ತೆಯನ್ನು ಕರೆದು ತೋರಿಸಿದ ಮೇಲೆ, ಎಷ್ಟು ಮೆತ್ತಗೆ ಹೇಳಿದಿರಿ ಎಂದು ಯಾರು ಕೇಳುತ್ತಾರೆ? ನೆನಪೋಲೆ ಅಲ್ಲಿಗೆ ದೂರು ಆಯಿತು. ನೂರು ಪ್ಲೀಸ್ ಹಾಕಿದರೂ ಅದು ದೂರೇ.

ಹೀಗಾಗಿ ನನ್ನ ಅನುಕಂಪ ಹೆಚ್ಚಾಗಿ ಆ ಟೀಚರಿಗೆ, ಸ್ವಲ್ಪ ನಿಮಗೆ. ನಿಮ್ಮ ಮಾಲಕರಿಗೆ ಒಂದು ಚೂರೂ ಇಲ್ಲ. ಡೆಲಿವರಿ ದಿನಾಂಕವನ್ನು ಶಾಲೆಗೆ ಬರೆದುಕೊಟ್ಟವರು ಅವರು. ಪ್ರೂಫ್ ಯಾವತ್ತು ತಿರುಗಿ ಬರಬೇಕು ಎಂಬುದನ್ನು ಬರೆಯದೆ ಬಿಟ್ಟವರೂ ಅವರೇ. ತಮ್ಮ ಕೊಟೇಶನ್ನಿನಲ್ಲಿ ಒಂದು ಸಾಲು ಕಡಿಮೆ ಹಾಕಿ, ಅದರ ಬಿಸಿಯನ್ನು ನಿಮ್ಮ ಮೇಲ್ ಐಡಿಯಿಂದ ಮುಟ್ಟಿಸಿದ್ದಾರೆ. ಬೈಸಿಕೊಂಡವರು ನೀವು.

ಸಿಸಿ ಹಾಕಲೇಬಾರದು ಎಂದಲ್ಲ. ಹಾಕುವುದಿದ್ದರೆ ಹಿಂದಿನ ದಿನ ಟೀಚರಿಗೇ ತಿಳಿಸಬೇಕು: ‘ನಾಳೆಯೂ ಆಗದಿದ್ದರೆ ಡೆಲಿವರಿ ದಿನ ಬದಲಾಗುತ್ತದೆ, ಅದನ್ನು ಹೆಡ್‌ಮೇಡಮ್ಮರಿಗೂ ತಿಳಿಸಬೇಕಾಗುತ್ತದೆ.’ ಆಮೇಲೆ ಹಾಕಿದ ಸಿಸಿಯಲ್ಲಿ ಡೆಲಿವರಿ ದಿನ ಬದಲಾದ ಸುದ್ದಿ ಮಾತ್ರ ಇರಲಿ, ಯಾರಿಂದ ತಡವಾಯಿತು ಎಂಬುದು ಬೇಡ.

ಇನ್ನು ಆ ‘ಅರ್ಜೆಂಟ್’. ಮೇ ತಿಂಗಳು ಟೀಚರುಗಳಿಗೆ ರಜೆ. ಮೇಲ್ ಓದುವುದು ಫೋನಿನಲ್ಲಿ, ಅಲ್ಲಿ ತಲೆಬರಹದ ಮೊದಲ ಮೂವತ್ತು ನಲವತ್ತು ಅಕ್ಷರವಷ್ಟೇ ಕಾಣುತ್ತದೆ. ಆ ಜಾಗವನ್ನು ನೀವು ‘ಅರ್ಜೆಂಟ್ ಅರ್ಜೆಂಟ್ ರಿಮೈಂಡರ್ 4’ ಎಂಬುದಕ್ಕೆ ಕೊಟ್ಟಿರಿ. ಏನು ಮಾಡಬೇಕು, ಯಾವಾಗ ಎಂಬುದು ಒಳಗೆ, ‘ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ’ ಆದಮೇಲೆ, ‘ಆದಷ್ಟು ಬೇಗ’ ಎಂಬ ರೂಪದಲ್ಲಿ. ನಿಮ್ಮ ‘ಆದಷ್ಟು ಬೇಗ’ ಎಂದರೆ ನಾಳೆ. ಅವರ ‘ಆದಷ್ಟು ಬೇಗ’ ಎಂದರೆ ತವರಿನಿಂದ ಬಂದ ಮೇಲೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವಸರವನ್ನು ವಾರ, ತಾರೀಕು, ಗಂಟೆಯಲ್ಲಿ ಹೇಳಬೇಕು. ಈ ಅಂಕಣದಲ್ಲಿ ಇದನ್ನು ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಮುಂದಿನ ಮೇಲ್ ಹೀಗಿರಲಿ. ನೀವು ಇಂಗ್ಲಿಷಿನಲ್ಲೇ ಬರೆಯುವವರು, ತಿರುಗಿಸಿಕೊಳ್ಳಿ.

ವಿಷಯ: ಬುಧವಾರ ಸಂಜೆ 4ರೊಳಗೆ ಒಪ್ಪಿಗೆ – ಡೈರಿ ಪ್ರೂಫ್

ನಮಸ್ಕಾರ ಮೇಡಮ್. ಮೇ 2ರಂದು ಕಳಿಸಿದ 96 ಪುಟಗಳ ಪ್ರೂಫನ್ನು ಇದರೊಂದಿಗೆ ಮತ್ತೆ ಇಟ್ಟಿದ್ದೇನೆ. ಬುಧವಾರ, ಮೇ 13ರ ಸಂಜೆ 4ರೊಳಗೆ ನಿಮ್ಮ ಒಪ್ಪಿಗೆ ಬಂದರೆ ಗುರುವಾರ ಪ್ಲೇಟ್ (ಅಚ್ಚಿನ ತಗಡು) ತೆಗೆದು ಶುಕ್ರವಾರ ಮಷೀನಿಗೆ ಹಾಕುತ್ತೇವೆ, ಡೈರಿ 25ಕ್ಕೆ ಶಾಲೆಗೆ ಬರುತ್ತದೆ. ಆ ಹೊತ್ತು ದಾಟಿದರೆ ಮಷೀನು ಖಾಲಿ ಸಿಗುವುದು 20ಕ್ಕೆ, ಡೈರಿ ಬರುವುದು 30ಕ್ಕೆ. 96 ಪುಟ ಒಮ್ಮೆಲೆ ನೋಡಲು ಆಗದಿದ್ದರೆ ಬುಧವಾರಕ್ಕೆ ಮೊದಲ 48 ಪುಟ ಮುಗಿಸಿಕೊಡಿ, ಉಳಿದದ್ದು ಗುರುವಾರ ಮಧ್ಯಾಹ್ನದವರೆಗೆ ನಡೆಯುತ್ತದೆ.

ತಾರೀಕುಗಳನ್ನು ನಿಮ್ಮ ಮಷೀನಿನ ಲೆಕ್ಕಕ್ಕೆ ಹೊಂದಿಸಿಕೊಳ್ಳಿ, ಆದರೆ ಖರೇ ತಾರೀಕನ್ನೇ ಬರೆಯಿರಿ. ಬುಧವಾರ ಎಂದು ಹೆದರಿಸಿ ಶನಿವಾರ ಬಂದದ್ದನ್ನು ಸುಮ್ಮನೆ ತೆಗೆದುಕೊಂಡರೆ ಮುಂದಿನ ವರ್ಷ ನಿಮ್ಮ ಬುಧವಾರವನ್ನು ಯಾರೂ ನಂಬುವುದಿಲ್ಲ.

ಮೊದಲ 48 ಪುಟ ಸಾಕು ಎನ್ನುವ ಕೊನೆಯ ವಾಕ್ಯವೇ ಈ ಮೇಲ್‌ನ ಜೀವ. ಅವಸರ ಮಾಡುವವರು ಕೆಲಸವನ್ನು ಸಣ್ಣದು ಮಾಡಿ ಕೊಡಬೇಕು. ಒಂದು ದೊಡ್ಡ ಹಾಳೆಯ ಎರಡೂ ಮಗ್ಗಲಿಗೆ ಒಟ್ಟಿಗೆ ಅಚ್ಚಾಗುವ ಪುಟಗಳೇ ಒಂದು ಫಾರ್ಮ್. 16 ಪುಟದ ಫಾರ್ಮಿನಂತೆ 96 ಪುಟಕ್ಕೆ 6 ಫಾರ್ಮ್, ಮೊದಲ 48 ಪುಟ ಬಂದರೆ 3 ಫಾರ್ಮಿನ ಪ್ಲೇಟಿಗೆ ಕೈ ಹಾಕಬಹುದು. ಇದು ವೈರೋ (ತಂತಿ ಸುರುಳಿ) ಅಥವಾ ಅಂಟಿನ ಬೈಂಡಿಂಗಿಗೆ ಸರಿ. ಹಾಳೆಗಳನ್ನು ಒಂದರೊಳಗೊಂದು ಇಟ್ಟು ನಡುವೆ ಪಿನ್ ಹೊಡೆಯುವ ಸೆಂಟರ್ ಪಿನ್ ಆದರೆ ಈ ಲೆಕ್ಕ ಕೂಡುವುದಿಲ್ಲ, ಹೊರಗಿನ ಫಾರ್ಮಿನಲ್ಲಿ ಮೊದಲ 8 ಪುಟದ ಜೊತೆ ಕೊನೆಯ 8 ಪುಟ ಕೂತಿರುತ್ತವೆ. ಆಗ 1ರಿಂದ 24, 73ರಿಂದ 96 ಎಂದು ಕೇಳಿ.

ಪ್ಲೇಟ್ ಆದಮೇಲೆ ತಿದ್ದುಪಡಿ ಬಂದರೆ ಏನಾಗುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಿ, ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ನಾಲ್ಕು ಬಣ್ಣದ ಒಂದು ಫಾರ್ಮಿಗೆ, ಬಣ್ಣಕ್ಕೊಂದರಂತೆ, ಎರಡೂ ಮಗ್ಗಲು ಸೇರಿ 8 ಪ್ಲೇಟ್. ಕಪ್ಪು ಅಕ್ಷರದ ಫೋನ್ ನಂಬರ್ ಒಂದು ತಪ್ಪಾಗಿದ್ದರೆ ಒಂದು ಪ್ಲೇಟ್ ಬದಲಿಸಿದರಾಯಿತು, ಸಂಸ್ಥಾಪಕರ ಫೋಟೋ ಬದಲಿಸಿ ಎಂದರೆ ಆ ಮಗ್ಗಲಿನ ನಾಲ್ಕೂ ಹೊಸವು. ಕಾರಣ ತಿಳಿದವರು ಬೇಗ ನೋಡುತ್ತಾರೆ, ಗಮನ ಇಟ್ಟು ನೋಡುತ್ತಾರೆ.

ಇನ್ನೊಂದು ಅನುಮಾನ. ಆ ಪ್ರೂಫ್ ಅವರಿಗೆ ತೆರೆದಿದೆಯೇ? ಜಿಮೇಲ್‌ನಲ್ಲಿ 25 ಎಂಬಿ ದಾಟಿದ ಫೈಲು ತಾನಾಗಿಯೇ ಡ್ರೈವ್ ಲಿಂಕ್ ಆಗಿ ಹೋಗುತ್ತದೆ. ಫೋಟೋ ತುಂಬಿದ ಡೈರಿಯ ಪಿಡಿಎಫ್ ಅಷ್ಟು ಆಗುವುದು ಏನೂ ದೊಡ್ಡದಲ್ಲ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂದು ಬಿಟ್ಟಿರದಿದ್ದರೆ ಅವರಿಗೆ ‘ಅನುಮತಿ ಕೇಳಿ’ ಎಂಬ ಪರದೆ ಬಂದಿರುತ್ತದೆ. ಕಳಿಸುವ ಮೊದಲು ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ (ಅಲ್ಲಿ ನಿಮ್ಮ ಲಾಗಿನ್ ಇರುವುದಿಲ್ಲ) ಆ ಲಿಂಕ್ ಒತ್ತಿ ನೋಡಿ. ನಿಮಗೆ ತೆರೆದರೆ ಅವರಿಗೂ ತೆರೆಯುತ್ತದೆ. ಓದಲಿಕ್ಕೆ ಸಣ್ಣ ರೆಸಲ್ಯೂಶನ್ನಿನ ಪಿಡಿಎಫ್ ಸಾಕು, ಅದನ್ನು ನೇರವಾಗಿ ಲಗತ್ತಿಸಿ.

ರಾತ್ರಿ ಒಂಬತ್ತಕ್ಕೆ ಮಾಲಕರು ‘ಈಗ್ಲೇ ಹಾಕು’ ಎಂದರೆ ಬರೆದಿಡಿ, ಶೆಡ್ಯೂಲ್ ಮಾಡಿ ಬೆಳಿಗ್ಗೆ ಒಂಬತ್ತೂವರೆಗೆ ಹೋಗುವಂತೆ ಇಡಿ. ಕೆಂಪು ಅಕ್ಷರ, ಮೂರು ಉದ್ಗಾರ ಚಿಹ್ನೆ ಬೇಡ.

ಕಾಗದದ ಪತ್ರವನ್ನೇ ಬಯಸುವ ಕಚೇರಿಗಳೂ ನಿಮ್ಮ ಗಿರಾಕಿಗಳಲ್ಲಿ ಇವೆ ಎಂದು ಬರೆದಿದ್ದೀರಿ. ಅಲ್ಲಿ ದಾರಿ ಇನ್ನೂ ಸುಲಭ, ನಮ್ಮ ಕಚೇರಿ ಪತ್ರದ ಅಚ್ಚು ಹಳೆಯದಾದರೂ ಗಟ್ಟಿ. ಗಡುವನ್ನು ‘ವಿಷಯ’ದಲ್ಲಿ ಹಾಕಿ. ಹಿಂದಿನ ಪತ್ರಗಳ ಸಂಖ್ಯೆ, ದಿನಾಂಕಗಳನ್ನು ‘ಉಲ್ಲೇಖ’ದಲ್ಲಿ ಒಂದರ ಕೆಳಗೊಂದು ಹಾಕಿ. ‘ಹಲವು ಬಾರಿ ಬರೆದರೂ ತಾವು ಉತ್ತರಿಸಿಲ್ಲ’ ಎಂದು ಒಡಲಿನಲ್ಲಿ ಬರೆಯುವ ಪ್ರಮೇಯವೇ ಬರುವುದಿಲ್ಲ, ಉಲ್ಲೇಖದ ಮೂರು ಸಾಲು ನೋಡಿದವರಿಗೆ ಅರ್ಥವಾಗುತ್ತದೆ. ಒಂದು ಪ್ರತಿಯ ಮೇಲೆ, ಪತ್ರ ಮುಟ್ಟಿದ್ದಕ್ಕೆ ಗುರುತಾಗಿ, ಆವಕದ ಮೊಹರು ಹಾಕಿಸಿಕೊಂಡು ಬನ್ನಿ.

ಕ್ಷಮೆಯ ಮೇಲ್ ಬೇಡ. ಬರೆದ ಕ್ಷಮೆ ಹೆಡ್‌ಮೇಡಮ್ಮರಿಗೂ ಫಾರ್ವರ್ಡ್ ಆಗಬಹುದು, ಮತ್ತೆ ಅದೇ ಪಂಚಾಯ್ತಿ. ಅವರು ಫೋನ್ ಎತ್ತುವುದಿಲ್ಲ ಎಂದಿರಿ, ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಿಡಿ: ‘ಮೇಡಮ್ಮರ, ಹೆಡ್‌ಮೇಡಮ್ಮರನ್ನ ನಿಮಗ ಹೇಳದ ಸೇರಿಸಿದ್ದು ನಂದ ತಪ್ಪು. ಇನ್ನ ಮುಂದ ಮೊದ್ಲ ನಿಮಗ ಹೇಳ್ತೀನ್ರಿ.’ ಅಷ್ಟೇ. ಮಾಲಕರ ಹೆಸರು ಎತ್ತಬೇಡಿ, ಪ್ರೂಫಿನ ಮಾತೂ ಎತ್ತಬೇಡಿ. ಅದಾದ ಎರಡು ತಾಸಿಗೆ, ಟೀಚರ್ ಒಬ್ಬರಿಗೇ, ಮೇಲೆ ಹೇಳಿದ ಮೇಲ್ ಕಳಿಸಿ.

ಕೆಲಸ ಬಿಡಬೇಡಿ. ಡೈರಿ, ಮದುವೆ ಪತ್ರಿಕೆ ಎರಡೂ ಒಟ್ಟಿಗೆ ಬರುವ ಈ ದಿನಗಳಲ್ಲಿ ಪ್ರೂಫ್ ಬಲ್ಲವರನ್ನು ಕಳೆದುಕೊಳ್ಳುವುದು ಯಾವ ಮಾಲಕರಿಗೂ ಆಗದ ಮಾತು. ಆ ಬಲ ಕೈಯಲ್ಲಿರುವಾಗಲೇ ಕೊಟೇಶನ್ನಿನಲ್ಲಿ ಈ ಸಾಲು ಸೇರಿಸಿಕೊಳ್ಳಿ: ‘ಪ್ರೂಫ್ ಮುಟ್ಟಿದ 3 ಕೆಲಸದ ದಿನಗಳೊಳಗೆ ಒಪ್ಪಿಗೆ ಕೊಡಬೇಕು, ತಡವಾದಷ್ಟು ದಿನ ಡೆಲಿವರಿಯೂ ಮುಂದೆ ಹೋಗುತ್ತದೆ.’ ಕೆಳಗೆ ಗಿರಾಕಿಯ ಸಹಿ ಇರಲಿ, ಮಾಲಕರದ್ದೂ ಇರಲಿ.