'ಬೆಯ್' ಅಕ್ಷರ ಅಂದ್ರೆ ಕವಡೆ

ಕೊಳ್ಳು (買), ಬಡವ (貧), ದುಬಾರಿ (貴), ಈ ಮೂರು ಚೀನೀ ಅಕ್ಷರಗಳಲ್ಲೂ ಒಂದೇ ಗುರುತು ಯಾಕಿದೆ ಅಂತ ಕೇಳಿದ್ದೀರಿ. ಅದು 'ಬೆಯ್' (貝), ಅಂದರೆ ಕವಡೆ. ಮೂರು ಸಾವಿರ ವರ್ಷಕ್ಕೂ ಹಿಂದೆ, ಚೀನಾವನ್ನು ಆಳಿದ ಶಾಂಗ್ ಅರಸರ ಕಾಲದಲ್ಲಿ ಆಮೆಚಿಪ್ಪು, ದನದ ಮೂಳೆಗಳ ಮೇಲೆ ಕೆತ್ತಿದ ರೂಪ ನೋಡಿ, ಬಾಯಿ ತೆರೆದ ಕವಡೆಯೇ ಕಾಣುತ್ತದೆ. ಸಮುದ್ರದಿಂದ ದೂರದ ಆನ್‌ಯಾಂಗ್‌ನಲ್ಲಿ 1976ರಲ್ಲಿ ಅಗೆದ ಅದೇ ಶಾಂಗ್ ಕಾಲದ ರಾಣಿ ಫು ಹಾವೊ ಸಮಾಧಿಯಲ್ಲಿ ಸಾವಿರಾರು ಕವಡೆ ಸಿಕ್ಕವು, ಅಷ್ಟು ದೂರದಿಂದ ತರಿಸಬೇಕಿದ್ದ ವಸ್ತುವಿಗೆ ಬೆಲೆ ಜಾಸ್ತಿ ಇರಲೇಬೇಕಲ್ವಾ! ಹಾಗಾಗಿ ಹಣದ ಮಾತಿನ ಎಷ್ಟೋ ಅಕ್ಷರಗಳಿಗೆ ಇದು ಸೇರಿಕೊಂಡಿತು.

ನನಗೆ ತುಂಬಾ ಇಷ್ಟವಾದದ್ದು 'ಬಡವ'. ಮೇಲೆ 'ಹಂಚು' ಅನ್ನೋ ಅಕ್ಷರ, ಕೆಳಗೆ ಕವಡೆ. ಇದ್ದದ್ದೆಲ್ಲ ಹಂಚಿಹೋದರೆ ಬಡತನ. 'ಕೊಳ್ಳು' ಅಕ್ಷರದಲ್ಲಿ ಕವಡೆಯ ಮೇಲೆ ಬಲೆ, ಆದರೆ 1956ರಲ್ಲಿ ಚೀನಾ ಸರ್ಕಾರ ಅಕ್ಷರಗಳನ್ನು ಸರಳಗೊಳಿಸಿದ ನಂತರದ ರೂಪದಲ್ಲಿ ಕವಡೆ ಕಾಣಲ್ಲ, ಹಳೆಯ ರೂಪವನ್ನೇ ನೋಡಿ. ನಾವೂ 'ಕವಡೆ ಕಾಸಿನ ಬೆಲೆ ಇಲ್ಲ' ಅಂತೀವಲ್ಲ, ಇಲ್ಲೂ ಕವಡೆ ಚಿಲ್ಲರೆ ಹಣವಾಗಿತ್ತು.