ಕೊನೆಯ ಪುಟದಲ್ಲೂ ಅವಳ ಬಣ್ಣ ಅದೇ ಇರಲಿ

ನಮಸ್ಕಾರ. ಕಪ್ಪು ಹುಡುಗಿಯೊಬ್ಬಳು ತನ್ನನ್ನು ತಾನು ಇಷ್ಟಪಡಲು ಕಲಿಯುವ ಕಥೆಗೆ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೀರಿ. ಮುಖ ಮಸಿ ಬಳಿದ ಹಾಗಿದೆ, ಕೊನೆಯ ಪುಟದಲ್ಲಾದರೂ ಸ್ವಲ್ಪ ತಿಳಿ ಮಾಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಕೊನೆಗೆ ಅವಳು ಬೆಳ್ಳಗಾದರೆ ಕಥೆಯೇ ಸುಳ್ಳಾಗುತ್ತದೆ. ಇನ್ನೂ ಓದಲು ಬಾರದ ಮಗು ಚಿತ್ರವನ್ನೇ ಅಲ್ವಾ ನಂಬುವುದು?

ಮಸಿಯಾಗಲು ಸಾಮಾನ್ಯವಾಗಿ ಕಾರಣ ಟ್ಯೂಬಿನ ಕಪ್ಪು. ಅದನ್ನು ಪಕ್ಕಕ್ಕಿಡಿ. ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಸ್ವಲ್ಪ ಸ್ವಲ್ಪವೇ ಸೇರಿಸಿ, ಗಾಢ ಕಂದು ಬರುತ್ತದೆ. ಸಿಯೆನ್ನಾ ಜಾಸ್ತಿ ಇದ್ದಷ್ಟೂ ಬಣ್ಣ ಬೆಚ್ಚಗಿರುತ್ತದೆ. ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಕೆನ್ನೆ, ಹಣೆ, ಮೂಗಿನ ತುದಿಯಲ್ಲಿ ಬೆಳಕು ಬೀಳುವ ಕಡೆ ಮೊದಲ ತೆಳು ಪದರವನ್ನೇ ಹಾಗೇ ಉಳಿಸಿ. ಬಿಳಿ ಬೆರೆಸಿದರೆ ಬೂದಿ ಮೆತ್ತಿದಂತಾಗುತ್ತದೆ. ಅಂಗೈ ತಿಳಿಯಾಗಿರಲಿ, ಇದನ್ನು ಸುಮಾರು ಜನ ಮರೆಯುತ್ತಾರೆ.

ಬದಲಾಗಬೇಕಾದ್ದು ಬೇರೆ. ಮೊದಲ ಪುಟಗಳಲ್ಲಿ ಅವಳು ಮೂಲೆಯಲ್ಲಿ ಪುಟ್ಟದಾಗಿ, ಭುಜ ಮುದುರಿಕೊಂಡು ಇರಲಿ. ಆಮೇಲೆ ಎದುರುಬದುರು ಎರಡೂ ಪುಟ ತುಂಬ ಅವಳೇ. ಅರಿಶಿನ ಬಣ್ಣದ ಲಂಗ ತೊಡಿಸಿ, ಆ ಮೈಬಣ್ಣಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ! ಮುಖ ಮಾತ್ರ ನಡುವಿನ ಹೊಲಿಗೆಗೆ ಸಿಕ್ಕದಿರಲಿ.

ಹೊಳಪಿಲ್ಲದ ಕಾಗದದಲ್ಲಿ ಅಚ್ಚಾದಾಗ ಗಾಢ ಬಣ್ಣ ಇನ್ನೂ ಕಪ್ಪಾಗಿ ಕಾಣಬಹುದು. ಸುಮ್ನೆ ಕಂಪ್ಯೂಟರ್ ಪರದೆ ನೋಡಿ ನಂಬಬೇಡಿ. ಅವಳ ಮುಖ ದೊಡ್ಡದಾಗಿರುವ ಒಂದು ಪುಟವನ್ನು ಪುಸ್ತಕದ ಕಾಗದದ ಮೇಲೇ ಪ್ರೂಫ್ (ಮಾದರಿ ಅಚ್ಚು) ತೆಗೆಸಿ, ಅದನ್ನು ಎದುರಿಗಿಟ್ಟುಕೊಂಡು ಚಿತ್ರದ ಸ್ಕ್ಯಾನ್ ತಿದ್ದಿ.