ಓದುಗರ ಪ್ರಶ್ನೆ: ಶುದ್ಧ ಇಂಧನ, ಜನರ ಆರೋಗ್ಯ ಮತ್ತು ಈ ಕ್ಷೇತ್ರದ ಕೆಲಸ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವಳು. ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸುತ್ತಲಿನ ಹಳ್ಳಿಗಳ ಹಾರುಬೂದಿ, ಕೆಮ್ಮಿನ ಮಾತುಗಳನ್ನು ಕೇಳುತ್ತಲೇ ಬೆಳೆದೆ. ಶುದ್ಧ ಇಂಧನ ಮತ್ತು ಜನರ ಆರೋಗ್ಯದ ಪರವಾಗಿ ದನಿ ಎತ್ತುವ ಸಂಸ್ಥೆಯಲ್ಲಿ ಕೆಲಸ ಮಾಡುವ ಆಸೆಯಿದೆ. ಆದರೆ ಅಲ್ಲಿ ದಿನನಿತ್ಯ ಏನು ಮಾಡುತ್ತಾರೆಂಬುದೇ ಸ್ಪಷ್ಟವಿಲ್ಲ. ನಮ್ಮ ಸಂಬಂಧಿಕರಲ್ಲಿ ಹಲವರು ಅದೇ ಕೇಂದ್ರದಲ್ಲಿ ಗುತ್ತಿಗೆ ಕೆಲಸಕ್ಕಿದ್ದಾರೆ. "ಅನ್ನ ಕೊಟ್ಟ ಜಾಗದ ವಿರುದ್ಧ ಮಾತಾಡ್ತೀಯೇನು?" ಎಂದು ಮನೆಯಲ್ಲಿ ಕೇಳುತ್ತಾರೆ. ಎಲ್ಲಿಂದ ಆರಂಭಿಸಲಿ?

— ಓದುಗಿ, ರಾಯಚೂರು ಜಿಲ್ಲೆ

ಉತ್ತರ: ಮನೆಯವರ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಕಂಡುಕೊಳ್ಳದೆ ಈ ಕೆಲಸದಲ್ಲಿ ಬಹುಕಾಲ ನಿಲ್ಲುವುದು ಕಷ್ಟ. 1985ರಲ್ಲಿ ಮೊದಲ ಘಟಕ ಆರಂಭವಾಗಿ ಮುಂದೆ 1,720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಆ ಕೇಂದ್ರ ದಶಕಗಳ ಕಾಲ ರಾಜ್ಯದ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ವಿದ್ಯುತ್ ಕೊಟ್ಟಿದೆ, ಬಹಳಷ್ಟು ಕುಟುಂಬಗಳನ್ನು ಸಾಕಿದೆ. ಅದನ್ನು ಅಲ್ಲಗಳೆದು ಮಾತು ಶುರು ಮಾಡಿದರೆ ಊರಿನಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಕಲ್ಲಿದ್ದಲು ವ್ಯಾಗನ್ ಖಾಲಿ ಮಾಡುವಲ್ಲಿ, ಲಾರಿಗೆ ಬೂದಿ ತುಂಬುವಲ್ಲಿ ದುಡಿಯುವವರೇ ಆ ದೂಳನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಉಸಿರಾಡುತ್ತಾರೆ. ಗುತ್ತಿಗೆ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ ಆಗಬೇಕು, ಅದರ ವರದಿ ಅವರ ಕೈಗೇ ಸಿಗಬೇಕು, ಹಳೆಯ ಘಟಕಗಳನ್ನು ಮುಚ್ಚುವ ಕಾಲ ಬಂದಾಗ ಅವರ ಮುಂದಿನ ದುಡಿಮೆಗೆ ಬರವಣಿಗೆಯಲ್ಲಿರುವ ಯೋಜನೆ ಬೇಕು ಎಂಬ ಬೇಡಿಕೆಗಳು ನಿಮ್ಮ ಪಟ್ಟಿಯ ಆರಂಭದಲ್ಲೇ ಇರಲಿ. ಆಗ ನಿಮ್ಮ ಮಾವಂದಿರು, ಅಣ್ಣಂದಿರು ಈ ಕೆಲಸದಲ್ಲಿ ನಿಮ್ಮ ಎದುರಾಳಿಗಳಾಗಿ ಉಳಿಯುವುದಿಲ್ಲ.

ಇನ್ನು ದಿನನಿತ್ಯದ ಕೆಲಸ. ಹೊರಗಿನವರಿಗೆ ಕಾಣುವುದು ಮೆರವಣಿಗೆ, ಪತ್ರಿಕಾಗೋಷ್ಠಿ. ಆದರೆ ಹೆಚ್ಚಿನ ಹೊತ್ತು ಕಳೆಯುವುದು ಓದುವುದರಲ್ಲಿ, ಎಣಿಸುವುದರಲ್ಲಿ, ಅರ್ಜಿ ಬರೆಯುವುದರಲ್ಲಿ. ನಿಮ್ಮ ಓದಿಗೆ ಹತ್ತಿರವಾದ ಒಂದು ಉದಾಹರಣೆ ಕೊಡುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿಗಳ ರಿಜಿಸ್ಟರ್ ತೆರೆದರೆ ದಿನಾಂಕ, ವಯಸ್ಸು, ಊರು, ತೊಂದರೆ, ಕೊಟ್ಟ ಔಷಧ ಎಂಬ ಕಾಲಂಗಳಿರುತ್ತವೆ. ಉಬ್ಬಸದಿಂದ ಬಂದ ಅಜ್ಜಿಗೂ ನೆಗಡಿಯಿಂದ ಬಂದ ಹುಡುಗನಿಗೂ ಅವಸರದಲ್ಲಿ "ಕೆಮ್ಮು" ಎಂದಷ್ಟೇ ಬರೆದಿರುತ್ತದೆ, ಊರಿನ ಕಾಲಂ ಎಷ್ಟೋ ಕಡೆ ಖಾಲಿ ಬಿದ್ದಿರುತ್ತದೆ. ಹೀಗಿರುವಾಗ ಬೂದಿ ಹೊಂಡದ ಪಕ್ಕದ ಊರಿನಲ್ಲಿ ಉಸಿರಾಟದ ತೊಂದರೆ ಹೆಚ್ಚೇ ಎಂಬ ಪ್ರಶ್ನೆಗೆ ಆ ಪುಸ್ತಕದಿಂದ ಉತ್ತರ ಹುಟ್ಟುವುದಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳ ಲಿಖಿತ ಅನುಮತಿ ಪಡೆದು, ಯಾರ ಹೆಸರನ್ನೂ ಬರೆದುಕೊಳ್ಳದೆ, ಗಾಳಿ ಬೀಸುವ ದಿಕ್ಕಿನಲ್ಲಿರುವ ಊರುಗಳನ್ನೂ ದೂರದ ಊರುಗಳನ್ನೂ ತಿಂಗಳುವಾರು ಹೋಲಿಸುವಂತೆ ದಾಖಲೆಯನ್ನು ಸರಿಪಡಿಸುವುದು, ಆಶಾ ಕಾರ್ಯಕರ್ತೆಯರಿಗೂ ನರ್ಸ್‌ಗಳಿಗೂ ಅದರ ಉಪಯೋಗವನ್ನು ತಿಳಿಸಿ ಹೇಳುವುದು ಪದವಿಯಲ್ಲಿ ಕಲಿತ ವಿದ್ಯೆಯ ನಿಜವಾದ ಬಳಕೆ. ಒಂದು ವರ್ಷದ ಇಂಥ ಶುದ್ಧ ದಾಖಲೆಗೆ ಅಧಿಕಾರಿಗಳ ಮುಂದೆ ಇರುವ ತೂಕ ಹತ್ತು ಭಾಷಣಗಳಿಗಿಲ್ಲ.

ಆ ದಾಖಲೆಯ ಪಕ್ಕದಲ್ಲಿಡಬೇಕಾದ ಇನ್ನೊಂದು ದಾಖಲೆ ವಿದ್ಯುತ್ ಕೇಂದ್ರದ್ದೇ. ಪರಿಸರ ಅನುಮತಿ ಪಡೆದ ಯೋಜನೆಗಳು ಷರತ್ತುಗಳ ಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕೆಂದು ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆ ಹೇಳುತ್ತದೆ. ಇದಲ್ಲದೆ ವಾರ್ಷಿಕ ಪರಿಸರ ಹೇಳಿಕೆ ಸೆಪ್ಟೆಂಬರ್ 30ರೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಕೇಳಿದೊಡನೆ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹೀಗಾಗಿ "ಮಾಲಿನ್ಯದ ಬಗ್ಗೆ ಎಲ್ಲ ಮಾಹಿತಿ ಕೊಡಿ" ಎಂಬ ಅರ್ಜಿಯನ್ನು ತಿರಸ್ಕರಿಸುವುದು ಸುಲಭ. ಇಂಥ ಘಟಕದ, ಇಂಥ ತಿಂಗಳುಗಳ, ಹೊಗೆಕೊಳವೆಯ ದೂಳಿನ ಮಾಪನದ ಪ್ರತಿ ಬೇಕೆಂದು ಕೇಳಿದ ಅರ್ಜಿಯನ್ನು ತಿರಸ್ಕರಿಸಲು ಕಾರಣ ಹುಡುಕಬೇಕಾಗುತ್ತದೆ.

ಎದುರಿನವರ ವಾದವನ್ನು ಅದರ ಪೂರ್ಣ ಬಲದೊಂದಿಗೆ ಓದಿಕೊಳ್ಳುವುದು ಈ ಕೆಲಸದಲ್ಲಿ ನಾನು ಅತಿ ಮುಖ್ಯವೆಂದು ನಂಬಿರುವ ಅಭ್ಯಾಸ. ಕಲ್ಲಿದ್ದಲು ವಿದ್ಯುತ್ ಕೇಂದ್ರಗಳು ಹೊರಬಿಡುವ ದೂಳು, ಸಲ್ಫರ್ ಡೈಆಕ್ಸೈಡ್ ಮೊದಲಾದವುಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್‌ನಲ್ಲಿ ಹೊಸ ಮಿತಿಗಳನ್ನು ಪ್ರಕಟಿಸಿ, ಹಳೆಯ ಕೇಂದ್ರಗಳಿಗೆ ಎರಡು ವರ್ಷದ ಗಡುವು ಕೊಟ್ಟಿತು. ಆ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ದೇಶದ ಬಹುಪಾಲು ಕೇಂದ್ರಗಳಿಗೆ ಸಲ್ಫರ್ ಡೈಆಕ್ಸೈಡ್ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಹೊರಗಿನ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ, ಅದನ್ನು ತಡೆಯುವ ಯಂತ್ರ ದುಬಾರಿ ಎಂಬುದು ವಿನಾಯಿತಿಯ ಪರವಾದ ವಾದ. ಇದರಲ್ಲಿ ಸತ್ಯಾಂಶವಿದೆ, ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ ಹೆಚ್ಚು. ಆದರೆ ಹೊಗೆಕೊಳವೆಯಿಂದ ಹೊರಟ ಆ ಅನಿಲ ಅನಿಲವಾಗಿಯೇ ಉಳಿಯುವುದಿಲ್ಲ. ಗಾಳಿಯಲ್ಲಿ ಅದು ಸಲ್ಫೇಟ್ ಕಣಗಳಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ಸಾಗುತ್ತದೆ, ಪಿಎಂ 2.5 ಎಂದು ನಾವು ಅಳೆಯುವ ಸೂಕ್ಷ್ಮ ದೂಳಿನ ಭಾಗವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅನಿಲವನ್ನಷ್ಟೇ ಅಳೆದು ಎಲ್ಲವೂ ಸರಿಯಿದೆ ಎಂದರೆ ಲೆಕ್ಕ ಅರ್ಧವೇ ಆಯಿತು. ಈ ಸೂಕ್ಷ್ಮ ದೂಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನಮೀಟರ್‌ಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ಈ ಅಂತರವನ್ನು ಸಭೆಯಲ್ಲಿ ಸರಳ ಕನ್ನಡದಲ್ಲಿ ವಿವರಿಸಬಲ್ಲವರು ನಮ್ಮಲ್ಲಿ ತೀರಾ ಕಡಿಮೆ, ಆ ಕೊರತೆ ತುಂಬುವವರಲ್ಲಿ ನೀವೂ ಒಬ್ಬರಾಗಬೇಕೆಂಬುದು ನನ್ನ ಮನಃಪೂರ್ವಕ ಆಸೆ.

ನಮ್ಮ ಹೋರಾಟಗಳು ಸಾಮಾನ್ಯವಾಗಿ ಗಮನಿಸದ ಇನ್ನೊಂದು ವೇದಿಕೆಯಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಮಿನಂತೆ ವಿದ್ಯುತ್ ದರ ನಿಗದಿಗೆ ಮುನ್ನ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂನ ದರ ಅರ್ಜಿಯನ್ನು ತೆರೆದು ನೋಡಿದರೆ ಯಾವ ಕೇಂದ್ರದಿಂದ ಎಷ್ಟು ಯುನಿಟ್, ಯಾವ ಬೆಲೆಗೆ ಖರೀದಿ ಎಂಬ ಕೋಷ್ಟಕ ಸಿಗುತ್ತದೆ. ಹಳೆಯ ಘಟಕದ ವಿದ್ಯುತ್ತಿಗೆ ಸೌರ ವಿದ್ಯುತ್ತಿಗಿಂತ ಹೆಚ್ಚು ಬೆಲೆ ಕೊಡುತ್ತಿದ್ದೇವೆಯೇ, ಸಂಜೆಯ ಬೇಡಿಕೆಗೆ ಅದಕ್ಕೆ ಬದಲಿ ಏನು ಎಂಬ ಪ್ರಶ್ನೆಗಳನ್ನು ಅಲ್ಲಿ ಹಾಕಿದರೆ ಉತ್ತರ ದಾಖಲೆಗೆ ಹೋಗುತ್ತದೆ. ಕಲ್ಲಿದ್ದಲಿನ ಭವಿಷ್ಯ ತೀರ್ಮಾನವಾಗುವುದು ಬಹುಮಟ್ಟಿಗೆ ಇಂಥ ಕೋಷ್ಟಕಗಳಲ್ಲಿ.

ಕೆಲಸ ಹುಡುಕುವ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಸಮುದಾಯ ಆರೋಗ್ಯಕ್ಕೆ ಸೊಚಾರಾ, ಇಂಧನ ಮತ್ತು ವಾಯುಗುಣಮಟ್ಟದ ಅಧ್ಯಯನಕ್ಕೆ ಸಿಸ್ಟೆಪ್, ಪರಿಸರ ಕಾನೂನಿಗೆ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್, ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಒದಗಿಸುವ ಕೆಲಸಕ್ಕೆ ಸೆಲ್ಕೊ ಫೌಂಡೇಶನ್ ಇವೆ. ವಿದ್ಯುತ್ ನೀತಿಗೆ ಪುಣೆಯ ಪ್ರಯಾಸ್ ಇದೆ. ಇಂಥ ಕಡೆ ಹಲವು ಹುದ್ದೆಗಳು ಯೋಜನೆಗೆ ಕಟ್ಟಿಕೊಂಡಿರುತ್ತವೆ, ಅನುದಾನ ಮುಗಿದರೆ ಹುದ್ದೆಯೂ ಮುಗಿಯಬಹುದು. ಸೇರುವ ಮುನ್ನ ಅದನ್ನು ನೇರವಾಗಿ ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ. ಒಂದೆರಡು ವರ್ಷ ಹೊರಗೆ ಕಲಿತು ಆಮೇಲೆ ರಾಯಚೂರಿಗೆ ಮರಳುವ ದಾರಿಯೇ ನಿಮಗೆ ಒಳ್ಳೆಯದೆಂದು ನನಗೆ ತೋರುತ್ತದೆ.

ಪ್ರಶ್ನೆ: ಉಡುಪಿ ಜಿಲ್ಲೆಯಲ್ಲಿ ವೈದ್ಯನಾಗಿದ್ದೇನೆ. ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಸುತ್ತಲಿನ ಊರುಗಳಿಂದ ಬರುವ ಉಬ್ಬಸದ ರೋಗಿಗಳು, "ಇದು ಆ ಹೊಗೆಯಿಂದಲೇ ಅಲ್ವಾ ಡಾಕ್ಟ್ರೇ?" ಎಂದು ಕೇಳುತ್ತಾರೆ. ಹೌದೆಂದು ಬರೆದುಕೊಡಲೂ ಆಗುವುದಿಲ್ಲ, ಇಲ್ಲವೆನ್ನಲು ಮನಸ್ಸೂ ಬರುವುದಿಲ್ಲ.

— ಓದುಗರು, ಉಡುಪಿ ಜಿಲ್ಲೆ

ಉತ್ತರ: ಒಬ್ಬ ರೋಗಿಯ ಉಬ್ಬಸಕ್ಕೆ ಒಂದು ಹೊಗೆಕೊಳವೆಯೇ ಕಾರಣವೆಂದು ಬರೆದುಕೊಡುವುದು ವೈದ್ಯಶಾಸ್ತ್ರಕ್ಕೆ ಸಾಧ್ಯವಿಲ್ಲ, ಬೀಡಿ, ಸೌದೆ ಒಲೆ, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ಎಲ್ಲವೂ ಅದೇ ಶ್ವಾಸಕೋಶದ ಮೇಲೆ ಕೆಲಸ ಮಾಡಿರುತ್ತವೆ. ಆದರೆ ಮಲಿನ ಗಾಳಿ ಉಬ್ಬಸವನ್ನು ಉಲ್ಬಣಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ, ಇದನ್ನು ನೀವು ಧೈರ್ಯವಾಗಿ ಹೇಳಬಹುದು. ರೋಗಿ ಎಲ್ಲಿ ವಾಸಿಸುತ್ತಾರೆ, ಎಲ್ಲಿ ದುಡಿಯುತ್ತಾರೆ, ಯಾವ ತಿಂಗಳಲ್ಲಿ ತೊಂದರೆ ಹೆಚ್ಚುತ್ತದೆ, ಮನೆಯಲ್ಲಿ ಯಾವ ಒಲೆಯಿದೆ ಎಂಬ ನಾಲ್ಕು ಸಂಗತಿಗಳನ್ನು ಪ್ರತಿ ಕೇಸ್ ಶೀಟಿನಲ್ಲಿ ಬರೆದಿಡಿ. ನಿಮ್ಮ ಭಾಗದವರಿಗೆ ಈ ಸ್ಥಾವರದ ವಿರುದ್ಧ ನಂದಿಕೂರು ಜನಜಾಗೃತಿ ಸಮಿತಿ ನಡೆಸಿದ ದೀರ್ಘ ಕಾನೂನು ಹೋರಾಟ ಗೊತ್ತೇ ಇದೆ. ಪರಿಸರಕ್ಕಾದ ಹಾನಿಗಾಗಿ ಸ್ಥಾವರದ ಕಂಪನಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶಿಸಿದ್ದು ಹಲವು ವರ್ಷಗಳ ವಿಚಾರಣೆಯ ನಂತರ. ಇಂಥ ವಿಚಾರಣೆಗಳಲ್ಲಿ ಬೆಳೆಗೆ, ನೀರಿಗೆ ಆದ ನಷ್ಟವನ್ನು ತಜ್ಞರು ಬಂದು ಅಳೆಯಬಲ್ಲರು. ಜನರ ದೇಹಕ್ಕೆ ಆದದ್ದನ್ನು ಹೇಳಲು ಸ್ಥಳೀಯ ವೈದ್ಯರ ದಾಖಲೆ ಬೇಕು. ನಿಮ್ಮೊಬ್ಬರ ಕ್ಲಿನಿಕ್ಕಿನ ಅಂಕಿಗಳು ಸಾಲುವುದಿಲ್ಲವಾದ್ದರಿಂದ, ಸುತ್ತಲಿನ ವೈದ್ಯಮಿತ್ರರೂ ಅದೇ ನಾಲ್ಕು ಸಂಗತಿಗಳನ್ನು ಬರೆದಿಡುವಂತೆ ಒಪ್ಪಿಸಿ.

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಆಶಾ ಕಾರ್ಯಕರ್ತೆ. ನಮ್ಮೂರಿನಲ್ಲಿ ಉಜ್ವಲ ಸಿಲಿಂಡರ್ ಇರುವ ಮನೆಗಳಲ್ಲೂ ಕಟ್ಟಿಗೆ ಒಲೆ ನಿಂತಿಲ್ಲ. ಹೊಗೆ ಕೆಟ್ಟದ್ದೆಂದು ಹೇಳಿ ಹೇಳಿ ಸಾಕಾಗಿದೆ. ಇನ್ನೇನು ಮಾಡಬೇಕು?

— ಓದುಗಿ, ಯಾದಗಿರಿ ಜಿಲ್ಲೆ

ಉತ್ತರ: ತಾಯಿ, ಹೊಗೆ ಕೆಟ್ಟದ್ದೆಂಬುದು ಊದುಗೊಳವೆ ಹಿಡಿದು ಕಣ್ಣೀರು ಒರೆಸಿಕೊಳ್ಳುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆ ಸಂಪರ್ಕವನ್ನೇನೋ ಕೊಟ್ಟಿತು, ಆದರೆ ಕೂಲಿಯ ಮನೆಗೆ ಮತ್ತೊಂದು ಸಿಲಿಂಡರ್ ತುಂಬಿಸುವ ಹಣ ಒಮ್ಮೆಗೇ ಕೈಯಲ್ಲಿರುವುದಿಲ್ಲ. ಹಾಗಾಗಿ ಸಿಲಿಂಡರ್ ನೆಂಟರು ಬಂದಾಗಿನ ಚಹಾಕ್ಕೆ ಮೀಸಲಾಗುತ್ತದೆ, ದಿನದ ರೊಟ್ಟಿ ಕಟ್ಟಿಗೆಯ ಮೇಲೇ ಬೇಯುತ್ತದೆ. ಇಂಡಕ್ಷನ್ ಒಲೆ ಬಳಸಲಿ ಎನ್ನುವವರಿದ್ದಾರೆ. ಜೋಳದ ರೊಟ್ಟಿ ಉಬ್ಬಲು ಬೆಂಕಿ ಬೇಕು, ಅದು ಇಂಡಕ್ಷನ್ನಿನಲ್ಲಿ ಆಗದು. ಆದರೆ ಅನ್ನ, ಬೇಳೆ, ಚಹಾ ಅದರಲ್ಲಿ ಆಗುತ್ತವೆ, ಅಷ್ಟು ಹೊತ್ತಿನ ಹೊಗೆ ತಪ್ಪುತ್ತದೆ. ಇಲ್ಲೊಂದು ತೊಡಕಿದೆ. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯುನಿಟ್ ಸಿಗುವುದಿಲ್ಲ. ಆ ಮಿತಿಯೊಳಗೆ, ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪವಷ್ಟೇ ಹೆಚ್ಚುವರಿ ಉಚಿತ. 1,500 ವಾಟ್‌ನ ಒಲೆಯನ್ನು ದಿನಕ್ಕೆ ಒಂದು ತಾಸು ಪೂರ್ಣ ಉರಿಯಲ್ಲಿ ಬಳಸಿದರೆ ತಿಂಗಳಿಗೆ 45 ಯುನಿಟ್ ಆಗುತ್ತದೆ. ಎರಡು ಬಲ್ಬು, ಒಂದು ಫ್ಯಾನಿನ ಮನೆ ಇಷ್ಟು ದಿನ ಕಡಿಮೆ ವಿದ್ಯುತ್ ಬಳಸಿದ್ದಕ್ಕಾಗಿಯೇ ಈಗ ಬಿಲ್ ಕಟ್ಟಬೇಕಾಗುತ್ತದೆ. ಅಡುಗೆಗೆ ಕಟ್ಟಿಗೆ ಬಿಟ್ಟು ವಿದ್ಯುತ್ ಬಳಸುವ ಬಡ ಕುಟುಂಬಗಳಿಗೆ ಈ ಸರಾಸರಿಯ ಲೆಕ್ಕ ಸಡಿಲಿಸಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪ್ರತಿಯನ್ನು ಇಂಧನ ಇಲಾಖೆಗೂ ಆರೋಗ್ಯ ಇಲಾಖೆಗೂ ಕಳುಹಿಸಿ. ಠರಾವಿನ ಜೊತೆಗೆ ನಿಮ್ಮ ವ್ಯಾಪ್ತಿಯ ಎಷ್ಟು ಮನೆಗಳಲ್ಲಿ ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು ಕಟ್ಟಿಗೆಯ ಹೊಗೆಯಲ್ಲಿದ್ದಾರೆ ಎಂಬ ಎಣಿಕೆಯನ್ನೂ ಲಗತ್ತಿಸಿ. ಆ ಲೆಕ್ಕ ಊರಿನಲ್ಲಿ ನಿಮ್ಮೊಬ್ಬರ ಬಳಿ ಮಾತ್ರ ಇದೆ.